ಗುಡಿಬಂಡೆ ಎಂದರೆ 3333: ಕಟಪಯಾದಿಯನ್ನು ಕಂಪ್ಯೂಟರಿಗೆ ಕಲಿಸುವ ಬಗೆ

ರೋಮನ್ ಅಂಕಿಗಳನ್ನು ಸಾಮಾನ್ಯ ಸಂಖ್ಯೆಗೆ ಬದಲಿಸುವ ಪ್ರೋಗ್ರಾಂ ಬರೆದಾಯಿತು, ಅದನ್ನೇ ಸ್ವಲ್ಪ ತಿದ್ದಿ, ಅಕ್ಷರಗಳಿಗೆ ಅಂಕಿ ಕೊಟ್ಟು ಪದಗಳಲ್ಲಿ ಸಂಖ್ಯೆ ಹೇಳುವ ಹಳೆಯ ಕಟಪಯಾದಿ ಪದ್ಧತಿಗೂ ಬಳಸಬಹುದೇ? ತುಮಕೂರಿನಲ್ಲಿ ಬೆಳಿಗ್ಗೆ ಇಂಜಿನಿಯರಿಂಗ್ ತರಗತಿಗೂ ಸಂಜೆ ಸಂಗೀತ ಪಾಠಕ್ಕೂ ಹೋಗುವ ವಿದ್ಯಾರ್ಥಿಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೋಲಾರದ ಕಡೆಯ ಓದುಗರೂ ಇದನ್ನೇ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ: ಆಗುವುದಿಲ್ಲ. ಎರಡೂ ಅಕ್ಷರಗಳಿಂದ ಸಂಖ್ಯೆ ಬರೆಯುವ ಪದ್ಧತಿಗಳೇ, ಆದರೆ ಒಳಗಿನ ಕಟ್ಟು ಬೇರೆ. ರೋಮನ್ನಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಿಶ್ಚಿತ ಬೆಲೆ ಇದೆ. ದೊಡ್ಡದರ ಎಡಕ್ಕೆ ಚಿಕ್ಕದು ಬಂದರೆ ಕಳೆಯುತ್ತೀರಿ, ಇಲ್ಲವಾದರೆ ಕೂಡುತ್ತೀರಿ. 1994ನ್ನು ಸಾವಿರ, ಸಾವಿರಕ್ಕೆ ನೂರು ಕಡಿಮೆ, ನೂರಕ್ಕೆ ಹತ್ತು ಕಡಿಮೆ, ಐದಕ್ಕೆ ಒಂದು ಕಡಿಮೆ ಎಂದು ಬರೆಯುತ್ತಾರೆ. ಅಲ್ಲಿ ಸೊನ್ನೆ ಇಲ್ಲ. ಮಾಮೂಲಿ ಏಳು ಅಕ್ಷರಗಳಲ್ಲಿ 3999ರ ಆಚೆಗೆ ಹೋಗಲೂ ಆಗುವುದಿಲ್ಲ. ಕಟಪಯಾದಿಯಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಪ್ರತಿ ಅಕ್ಷರ ಒಂದು ಅಂಕಿ, ಸ್ಥಾನವೇ ಬೆಲೆ. ಸೊನ್ನೆ ಇದೆ, ಮೇಲ್ಮಿತಿ ಇಲ್ಲ. ಹೀಗಾಗಿ ಹಳೆಯ ಪ್ರೋಗ್ರಾಮನ್ನು ಪಕ್ಕಕ್ಕಿಟ್ಟು ಹೊಸದಾಗಿ ಶುರುಮಾಡಿ. ಲೆಕ್ಕದ ಭಾಗ ಸುಲಭ. ಕಷ್ಟವೆಲ್ಲ ಇರುವುದು ಕನ್ನಡ ಅಕ್ಷರವನ್ನು ಕಂಪ್ಯೂಟರ್ ಹೇಗೆ ಇಟ್ಟುಕೊಂಡಿದೆ ಎಂಬುದರಲ್ಲಿ.

ಮೊದಲು ಬೇಕಾದದ್ದು

ಯಾವ ಪ್ರೋಗ್ರಾಮಿಂಗ್ ಭಾಷೆಯಾದರೂ ಸರಿ, ಯುನಿಕೋಡ್ ಪಠ್ಯವನ್ನು ಒಂದೊಂದೇ ಸಂಕೇತವಾಗಿ ಬಿಡಿಸಿ ಕೊಡಬೇಕು. ಪೈಥಾನ್, ಜಾವಾಸ್ಕ್ರಿಪ್ಟ್ ಎರಡೂ ಕೊಡುತ್ತವೆ. ಯುನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಟ್ಟಿರುವ ಪಟ್ಟಿ. ಆ ಸಂಖ್ಯೆಯನ್ನು ಇಲ್ಲಿ 'ಸಂಕೇತಸಂಖ್ಯೆ' ಎಂದು ಕರೆಯುತ್ತೇನೆ. ಕನ್ನಡಕ್ಕೆ ಮೀಸಲಾದ ಭಾಗ 3200ರಿಂದ 3327ರವರೆಗೆ ಇದೆ.

ಒಂದು ಮಾತು ಈಗಲೇ ಮನಸ್ಸಿನಲ್ಲಿರಲಿ. ನಾವು ಅಕ್ಷರ ಎನ್ನುವುದೂ ಕಂಪ್ಯೂಟರ್ ಅಕ್ಷರ ಎನ್ನುವುದೂ ಒಂದೇ ಅಲ್ಲ. 'ಗುಡಿಬಂಡೆ' ನಮಗೆ ನಾಲ್ಕು ಅಕ್ಷರ. ಅದರ ಉದ್ದ ಎಷ್ಟು ಎಂದು ಪ್ರೋಗ್ರಾಮನ್ನು ಕೇಳಿದರೆ ಎಂಟು ಎನ್ನುತ್ತದೆ, ಏಕೆಂದರೆ ಉಕಾರ, ಇಕಾರ, ಅನುಸ್ವಾರದ ಸೊನ್ನೆ, ಎತ್ವ ಎಲ್ಲವೂ ಅದಕ್ಕೆ ಬೇರೆ ಬೇರೆ.

ನಿಮ್ಮ ಬಳಿ ಇರುವ ಪದಪಟ್ಟಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿದ್ದಾಗಿದ್ದರೆ ಅದನ್ನು ಯುನಿಕೋಡಿಗೆ ಪರಿವರ್ತಿಸಿದ ಮೇಲೆಯೇ ಮುಂದೆ ಓದಿ. ಆ ಫಾಂಟುಗಳಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಅರ್ಕಾವತ್ತಿನಂಥವು ಕಣ್ಣಿಗೆ ಕಾಣುವ ಕ್ರಮದಲ್ಲೇ ಕುಳಿತಿರುತ್ತವೆ. ಅಂಥ ಕಡತದ ಮೇಲೆ ಈ ಕ್ರಮ ನಡೆಯುವುದಿಲ್ಲ.

ಹಂತ 1: ಬೆಲೆಪಟ್ಟಿ ಮಾಡಿಕೊಳ್ಳಿ

'ಕಾದಿ ನವ, ಟಾದಿ ನವ, ಪಾದಿ ಪಂಚ, ಯಾದ್ಯಷ್ಟ' ಎಂಬ ಸೂತ್ರವನ್ನು ಸಂಗೀತ ಕಲಿತವರು ಕೇಳಿರುತ್ತೀರಿ. ಕ ದಿಂದ ಒಂಬತ್ತು, ಟ ದಿಂದ ಒಂಬತ್ತು, ಪ ದಿಂದ ಐದು, ಯ ದಿಂದ ಎಂಟು ಎಂದು ಅರ್ಥ. ಬಿಡಿಸಿ ಬರೆದರೆ:

1: ಕ, ಟ, ಪ, ಯ
2: ಖ, ಠ, ಫ, ರ
3: ಗ, ಡ, ಬ, ಲ
4: ಘ, ಢ, ಭ, ವ
5: ಙ, ಣ, ಮ, ಶ
6: ಚ, ತ, ಷ
7: ಛ, ಥ, ಸ
8: ಜ, ದ, ಹ
9: ಝ, ಧ, ಳ
0: ಞ, ನ, ಮತ್ತು ಪದದಲ್ಲಿ ಸ್ವತಂತ್ರವಾಗಿ ನಿಂತ ಯಾವುದೇ ಸ್ವರ

ಳ ಕಾರವನ್ನು ಗಮನಿಸಿ. 'ಯಾದ್ಯಷ್ಟ' ಎಂಬ ಮಾತು ಹ ಕಾರಕ್ಕೆ, ಅಂದರೆ 8ಕ್ಕೆ, ನಿಲ್ಲುತ್ತದೆ. ಆಮೇಲಿನ ಳ ಕಾರಕ್ಕೆ 9 ಕೊಡುವುದು ರೂಢಿ. ಕರ್ನಾಟಕ ಸಂಗೀತದ ಮೂಲ ರಾಗಗಳಾದ ಮೇಳಕರ್ತಗಳ ಕ್ರಮಸಂಖ್ಯೆ ಇರುವುದು ಅವುಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ, ಅಲ್ಲಿ ಎಲ್ಲಿಯೂ ಳ ಬರುವುದಿಲ್ಲವಾದ್ದರಿಂದ ಸಂಗೀತದ ಮಟ್ಟಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ನಮ್ಮ ಊರುಗಳ ಹೆಸರಿಗೆ ಬಂದರೆ ಏಳುತ್ತದೆ. ನಾನು 9 ಎಂದೇ ಇಟ್ಟುಕೊಂಡಿದ್ದೇನೆ. ಹಳಗನ್ನಡದ ಱ ಮತ್ತು ೞ ಅಕ್ಷರಗಳಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಅವು ಎದುರಾದರೆ ಪ್ರೋಗ್ರಾಂ ತಾನೇ ಏನೋ ಊಹಿಸಬಾರದು, ದೋಷ ಎಂದು ಹೇಳಿ ನಿಲ್ಲಬೇಕು.

ಎಚ್ಚರ: ಜಾಣರಾದವರು ಇಲ್ಲಿ ಒಂದು ಅಡ್ಡದಾರಿ ಹಿಡಿಯುತ್ತಾರೆ. ಕ ಕಾರದ ಸಂಕೇತಸಂಖ್ಯೆ 3221. ಹಾಗಾದರೆ ಸಂಕೇತಸಂಖ್ಯೆಯಿಂದ 3220 ಕಳೆದು, ಹತ್ತರಿಂದ ಭಾಗಿಸಿ, ಶೇಷವನ್ನು ತೆಗೆದುಕೊಂಡರೆ ಬೆಲೆ ಬಂದೇ ಬಿಡುತ್ತದಲ್ಲ, ಪಟ್ಟಿ ಯಾಕೆ ಎಂಬುದು ಅವರ ಲೆಕ್ಕ. ಕ ದಿಂದ ಞ ವರೆಗೆ ಸರಿಯಾಗಿ ಬರುತ್ತದೆ. ಟ ದಿಂದ ನ ವರೆಗೂ ಸರಿಯಾಗಿ ಬರುತ್ತದೆ, ನ ಕಾರದ 3240 ಸೊನ್ನೆಯನ್ನೇ ಕೊಡುತ್ತದೆ. ಇಪ್ಪತ್ತು ಅಕ್ಷರ ಸರಿಯಾದ ಮೇಲೆ ಯಾರೂ ಮುಂದೆ ನೋಡುವುದಿಲ್ಲ. ಆದರೆ 3241 ಖಾಲಿ ಜಾಗ. ಪ ಕಾರ ಇರುವುದು 3242ರಲ್ಲಿ, ಅದಕ್ಕೆ ಒಂದರ ಬದಲು ಎರಡು ಬರುತ್ತದೆ. ಮುಂದೆ ರ ಮತ್ತು ಲ ನಡುವೆ ಱ ಇದೆ, ಲ ಮತ್ತು ವ ನಡುವೆ ಳ ಇದೆ, 3252 ಮತ್ತೆ ಖಾಲಿ. ಅಡ್ಡದಾರಿ ಬಿಡಿ. ಮೂವತ್ನಾಲ್ಕು ವ್ಯಂಜನಗಳ ಪಟ್ಟಿಯನ್ನು ಕೈಯಲ್ಲೇ ಬರೆಯಿರಿ, ಹತ್ತು ನಿಮಿಷದ ಕೆಲಸ.

ಹಂತ 2: ಪದವನ್ನು ಶುಚಿಗೊಳಿಸಿ

ಈ ಹಂತವನ್ನು ಬಿಟ್ಟವರ ಪ್ರೋಗ್ರಾಂ ಹತ್ತರಲ್ಲಿ ಒಂಬತ್ತು ಪದಗಳಿಗೆ ಸರಿಯಾಗಿ ನಡೆದು ಹತ್ತನೆಯದರಲ್ಲಿ ಏಕೆ ತಪ್ಪುತ್ತದೆ ಎಂದು ತಿಳಿಯದೆ ದಿನಗಟ್ಟಲೆ ಒದ್ದಾಡುತ್ತಾರೆ. ನಾಲ್ಕು ವಿಷಯ ನೋಡಬೇಕು.

ಮೊದಲನೆಯದು, ಕಾಣದ ಚಿಹ್ನೆಗಳು. 8204 ಮತ್ತು 8205 ಎಂಬ ಎರಡು ಸಂಕೇತಗಳು ತೆರೆಯ ಮೇಲೆ ಜಾಗ ತೆಗೆದುಕೊಳ್ಳುವುದಿಲ್ಲ. ಅಕ್ಷರಗಳು ಕೂಡಬೇಕೋ ಬೇಡವೋ, ಹೇಗೆ ಕೂಡಬೇಕು ಎಂದು ಫಾಂಟಿಗೆ ಹೇಳುವುದಷ್ಟೇ ಅವುಗಳ ಕೆಲಸ. 'ರ‍್ಯಾಂಕ್' ಪದದಲ್ಲಿ ರ ಕಾರ ಅರ್ಕಾವತ್ತಾಗದೆ ಪೂರ್ತಿಯಾಗಿ ಕಾಣಲಿ ಎಂದು ರ ಮತ್ತು ವಿರಾಮಚಿಹ್ನೆಯ ನಡುವೆ 8205 ಕುಳಿತಿರುತ್ತದೆ. ವಿರಾಮಚಿಹ್ನೆ ಎಂದರೆ ವ್ಯಂಜನದ ಒಳಗಿನ ಅಕಾರವನ್ನು ತೆಗೆಯುವ ಗುರುತು, ಸಂಕೇತಸಂಖ್ಯೆ 3277. ಶುಚಿಗೊಳಿಸದೆ ಹೋದರೆ ಪ್ರೋಗ್ರಾಮಿಗೆ ರ ಆದಮೇಲೆ ವಿರಾಮ ಕಾಣುವುದಿಲ್ಲ, ರ ಕಾರವನ್ನು ಪೂರ್ಣ ಅಕ್ಷರವೆಂದು ಎಣಿಸಿ 12 ಎನ್ನುತ್ತದೆ. ಬರಬೇಕಾದದ್ದು 1. ಈ ಎರಡು ಸಂಕೇತಗಳನ್ನು ಕಿತ್ತುಹಾಕಿ.

ಎರಡನೆಯದು, ಜ಼ ಫ಼ ಬರೆಯಲು ಬಳಸುವ ಕೆಳಚುಕ್ಕೆ, 3260. ಅದೂ ವ್ಯಂಜನಕ್ಕೂ ವಿರಾಮಕ್ಕೂ ನಡುವೆ ನುಸುಳುತ್ತದೆ. ಅದನ್ನೂ ತೆಗೆಯಿರಿ.

ಮೂರನೆಯದು ನಮ್ಮ ಟೈಪಿಂಗ್ ಅಭ್ಯಾಸ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆಯನ್ನು ಒತ್ತುವವರು ಬಹಳ ಮಂದಿ, ನೋಡಲು ಎರಡೂ ಒಂದೇ ದುಂಡು. ಅನುಸ್ವಾರ 3202, ಅಂಕಿ ಸೊನ್ನೆ 3302. ಹಾಗೆಯೇ ಅರ್ಕಾವತ್ತಿನ ಬದಲು ಕನ್ನಡ ಅಂಕಿ ಒಂಬತ್ತನ್ನು, ಅಂದರೆ 3311ನ್ನು, ಹಾಕುತ್ತಾರೆ. ಪದದ ನಡುವೆ 3302 ಕಂಡರೆ ಅನುಸ್ವಾರವೆಂದು ಬದಲಿಸಬಹುದು, ಅಪಾಯವಿಲ್ಲ. ಒಂಬತ್ತನ್ನು ಮಾತ್ರ ಯಂತ್ರದ ಕೈಯಲ್ಲಿ ತಿದ್ದಿಸಬೇಡಿ. 'ಧಮ೯' ಎಂದು ಟೈಪಾದದ್ದನ್ನು ಸರಿಪಡಿಸಲು ರ ಕಾರವನ್ನು ಮ ಕಾರದ ಹಿಂದಕ್ಕೆ ಒಯ್ಯಬೇಕು. ಆ ಪದವನ್ನು ಬೇರೆ ಪಟ್ಟಿಗೆ ಹಾಕಿ ನಿಮ್ಮ ಕಣ್ಣಿನಿಂದಲೇ ತಿದ್ದಿ.

ನಾಲ್ಕನೆಯದು ಪದಗಳ ನಡುವಿನ ಖಾಲಿ ಜಾಗ ಮತ್ತು ಅಡ್ಡಗೆರೆ. ಅವನ್ನೂ ತೆಗೆಯಿರಿ. ಬೇರೆ ಅಪರಿಚಿತ ಚಿಹ್ನೆ ಏನೇ ಇದ್ದರೂ ಸುಮ್ಮನೆ ನುಂಗಬೇಡಿ, ದೋಷ ತೋರಿಸಿ.

ಹಂತ 3: ಎಡದಿಂದ ಬಲಕ್ಕೆ ನಡೆಯಿರಿ

ಈಗ ಪದದ ಸಂಕೇತಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ, ಅಂಕಿಗಳನ್ನು ಒಂದು ಸಾಲಿಗೆ ಸೇರಿಸಿ.

ಸ್ವತಂತ್ರ ಸ್ವರ, ಅಂದರೆ ಅ, ಆ, ಇ ಮುಂತಾದವು ಬಂದರೆ 0 ಸೇರಿಸಿ.

ವ್ಯಂಜನ ಬಂದರೆ ಅದರ ಮುಂದಿನ ಸಂಕೇತವನ್ನು ಇಣುಕಿ ನೋಡಿ. ಅಲ್ಲಿ ವಿರಾಮಚಿಹ್ನೆ ಇದ್ದರೆ ಈ ವ್ಯಂಜನಕ್ಕೆ ಲೆಕ್ಕವಿಲ್ಲ, ಬಿಟ್ಟು ಮುಂದೆ ಹೋಗಿ. ಇಲ್ಲದಿದ್ದರೆ ಪಟ್ಟಿಯಲ್ಲಿನ ಬೆಲೆಯನ್ನು ಸೇರಿಸಿ.

ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ವಿರಾಮ ಇವಕ್ಕೆ ಏನೂ ಮಾಡಬೇಡಿ.

ಅಷ್ಟೇ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನವೇ ಗಣ್ಯ ಎಂಬ ಸಾಂಪ್ರದಾಯಿಕ ನಿಯಮ, ಸ್ವರವಿಲ್ಲದ ವ್ಯಂಜನಕ್ಕೆ ಬೆಲೆಯಿಲ್ಲ ಎಂಬ ನಿಯಮ, ಎರಡೂ ಆ ಒಂದು ಇಣುಕುನೋಟದಲ್ಲೇ ಪೂರೈಸುತ್ತವೆ. 'ಸೂರ್ಯ' ಕಂಪ್ಯೂಟರಿನಲ್ಲಿ ಸ, ಊತ್ವ, ರ, ವಿರಾಮ, ಯ ಎಂಬ ಐದು ಸಂಕೇತ. ಸ ಕ್ಕೆ 7, ರ ಬಿಟ್ಟುಹೋಗುತ್ತದೆ, ಯ ಕ್ಕೆ 1. ತೆರೆಯ ಮೇಲೆ ಅರ್ಕಾವತ್ತು ಯ ಕಾರದ ಬಲಕ್ಕೆ ಕಾಣುವುದರಿಂದ ಕಣ್ಣಳತೆಯಲ್ಲಿ ಎಣಿಸುವವರು ರ ಕಾರವೇ ಕೊನೆಯದು ಎಂದು ತಿಳಿದು 2 ಬರೆಯುತ್ತಾರೆ. ಇಲ್ಲಿ ಕಣ್ಣಿಗಿಂತ ಉಚ್ಚಾರಣೆಯನ್ನು ನಂಬಿ, ಯುನಿಕೋಡ್ ಕೂಡ ಉಚ್ಚಾರಣೆಯ ಕ್ರಮದಲ್ಲೇ ಇಡುತ್ತದೆ. 'ಕಾಂತಾ' ಎಂದು ಬರೆದರೂ 'ಕಾನ್ತಾ' ಎಂದು ಬರೆದರೂ 1, 6 ಎಂದೇ ಬರುವುದು ಈ ನಿಯಮದ ಇನ್ನೊಂದು ಅನುಕೂಲ.

ಎಚ್ಚರ: ಋಕಾರದ ಕಾಗುಣಿತ. ಶೃ ಎಂಬಲ್ಲಿರುವುದು ಶ ಮತ್ತು ಒಂದು ಸ್ವರಚಿಹ್ನೆ, ಬೆಲೆ 5. ಶ್ರ ಎಂಬಲ್ಲಿರುವುದು ಎರಡು ವ್ಯಂಜನ, ಬೆಲೆ ರ ಕಾರದ 2. ಕೃಪೆಯನ್ನು ಕ್ರಪೆ ಎಂದು ಬರೆದರೆ ಓದುಗ ಅರ್ಥಮಾಡಿಕೊಳ್ಳುತ್ತಾನೆ, ಪ್ರೋಗ್ರಾಂ ಮಾಡಿಕೊಳ್ಳುವುದಿಲ್ಲ.

ಹಂತ 4: ಹಿಂದುಮುಂದಾಗಿಸಿ

'ಅಂಕಾನಾಂ ವಾಮತೋ ಗತಿಃ', ಅಂಕಿಗಳು ಎಡಕ್ಕೆ ನಡೆಯುತ್ತವೆ. ಮೊದಲ ಅಕ್ಷರ ಬಿಡಿಸ್ಥಾನ, ಎರಡನೆಯದು ಹತ್ತರ ಸ್ಥಾನ, ಹೀಗೆ. ಆದ್ದರಿಂದ ಹಂತ 3ರಲ್ಲಿ ಸಿಕ್ಕ ಸಾಲನ್ನು ತಿರುಗಿಸಬೇಕು. ಜಯ ಎಂಬುದು 8, 1. ತಿರುಗಿಸಿದರೆ 18. ಹದಿನೆಂಟು ಪರ್ವಗಳ ಮಹಾಭಾರತಕ್ಕೆ ಜಯ ಎಂಬ ಹೆಸರಿರುವುದನ್ನು ಇದರೊಡನೆ ಸೇರಿಸಿ ಹೇಳುವ ರೂಢಿ ಇದೆ.

ತಿರುಗಿಸುವುದನ್ನು ಆಯ್ಕೆಯಾಗಿ ಇಡಿ, ಕಡ್ಡಾಯ ಮಾಡಬೇಡಿ. ವೃತ್ತದ ಪರಿಧಿ ಮತ್ತು ವ್ಯಾಸದ ಅನುಪಾತವನ್ನು ಹೇಳುವ ಪ್ರಸಿದ್ಧ ಶ್ಲೋಕ 'ಗೋಪೀಭಾಗ್ಯಮಧುವ್ರಾತ ಶೃಂಗಿಶೋದಧಿಸಂಧಿಗ' ಎಂದು ಆರಂಭವಾಗುತ್ತದೆ. ಅದು ಎಡದಿಂದ ಬಲಕ್ಕೇ ಓದುವಂಥದ್ದು. ನಿಮ್ಮ ಪ್ರೋಗ್ರಾಂ ತಿರುಗಿಸದೆ 3141592653589793 ಎಂದು ಕೊಟ್ಟರೆ ಒತ್ತಕ್ಷರ, ಅನುಸ್ವಾರ, ಋಕಾರ ಮೂರೂ ಸರಿ ಇವೆ ಎಂದರ್ಥ. ಮೂರನ್ನೂ ಒಟ್ಟಿಗೆ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಾಲು ನನಗೆ ಸಿಕ್ಕಿಲ್ಲ.

ಉತ್ತರವನ್ನು ಎರಡು ರೂಪದಲ್ಲೂ ಉಳಿಸಿಕೊಳ್ಳಿ: ಅಂಕಿಗಳ ಸಾಲಾಗಿ ಒಂದು, ಪೂರ್ಣಾಂಕವಾಗಿ ಒಂದು. ಕಾರಣ ಎರಡು. 'ಗುಬ್ಬಿ' 33, 'ಗಗನ' 033. ಪೂರ್ಣಾಂಕ ಮಾಡಿದ ಕೂಡಲೇ ಮುಂದಿನ ಸೊನ್ನೆ ಮಾಯವಾಗಿ ಎರಡೂ ಒಂದೇ ಆಗುತ್ತವೆ. ಇನ್ನು ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ 9007199254740991ರವರೆಗೆ ಮಾತ್ರ ತಪ್ಪಿಲ್ಲದೆ ನಿಲ್ಲುತ್ತದೆ. ಮೇಲಿನ ಸಾಲು ಅದರೊಳಗೆ ಹಿಡಿಸುತ್ತದೆ, ಶ್ಲೋಕದ ಉಳಿದರ್ಧವನ್ನೂ ಸೇರಿಸಿದರೆ ಹಿಡಿಸುವುದಿಲ್ಲ, ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗುತ್ತವೆ. ಪೈಥಾನಿನಲ್ಲಿ ಈ ಮಿತಿ ಇಲ್ಲ.

ಹಂತ 5: ನಮ್ಮ ಊರುಗಳಿಂದ ಪರೀಕ್ಷಿಸಿ

ನಿಯಮದ ಒಂದೊಂದು ಮೂಲೆಯನ್ನೂ ತಟ್ಟುವ ಪದಗಳು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲೇ ಸಿಗುತ್ತವೆ. ಕೆಳಗಿನ ಉತ್ತರಗಳನ್ನು ಕೈಯಲ್ಲಿ ಲೆಕ್ಕ ಹಾಕಿದ್ದೇನೆ, ನೀವೂ ಒಮ್ಮೆ ಹಾಕಿ ನೋಡಿ.

ತುಮಕೂರು 2156. ಕೋಲಾರ 231. ಇವೆರಡೂ ಸರಳ, ತಿರುಗಿಸುವುದು ಸರಿಯಿದೆಯೇ ಎಂದು ನೋಡಲು ಸಾಕು.

ಚಿಕ್ಕಬಳ್ಳಾಪುರ 219316. ಎರಡು ಸಜಾತೀಯ ಒತ್ತು, ಜೊತೆಗೆ ಳ ಕಾರದ 9.

ಗುಡಿಬಂಡೆ 3333. ನಾಲ್ಕೂ ಅಕ್ಷರಕ್ಕೆ ಮೂರೇ! ನಿಮ್ಮ ಪ್ರೋಗ್ರಾಂ ಅನುಸ್ವಾರವನ್ನು ತಪ್ಪಾಗಿ ಎಣಿಸುತ್ತಿದ್ದರೆ ಇಲ್ಲಿ ಐದನೆಯ ಅಂಕಿ ತಕ್ಷಣ ಕಾಣಿಸಿಕೊಳ್ಳುತ್ತದೆ. ಚಿಂತಾಮಣಿ 5566 ಕೂಡ ಇದೇ ಪರೀಕ್ಷೆಗೆ.

ಶಿಡ್ಲಘಟ್ಟ 1435. ಡ್ಲ ಎಂಬ ವಿಜಾತೀಯ ಒತ್ತಿಗೆ ಒಂದೇ 3 ಬರಬೇಕು, ಎರಡಲ್ಲ.

ಅಂತರಗಂಗೆ 33260. ಸ್ವತಂತ್ರ ಸ್ವರದ ಸೊನ್ನೆ ಬಿಡಿಸ್ಥಾನದಲ್ಲಿ ನಿಲ್ಲಬೇಕು.

ಕುಣಿಗಲ್ 351. ಕೊನೆಯ ಲ್ ಗೆ ಸ್ವರವಿಲ್ಲ, ಬೆಲೆಯೂ ಇಲ್ಲ. 'ಕುಣಿಗಲು' ಎಂದು ಬರೆದರೆ 3351 ಆಗುತ್ತದೆ. ಎರಡೂ ಪ್ರೋಗ್ರಾಮಿನ ತಪ್ಪಲ್ಲ, ಬರೆಯುವವರ ಆಯ್ಕೆ. ಮುಳಬಾಗಿಲು 33395ಕ್ಕೂ ಇದೇ ಮಾತು. ಪಟ್ಟಿ ಮಾಡುವಾಗ ಯಾವ ಕಾಗುಣಿತ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಹಂತ 6: ಮೇಳಕರ್ತ ರಾಗಗಳು ಮತ್ತು ಎಂಟು ಅಪವಾದಗಳು

ಬಹುಪಾಲು ಜನ ಈ ಕೆಲಸಕ್ಕೆ ಕೈಹಾಕುವುದೇ ಇದಕ್ಕಾಗಿ. 72 ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರ ರಾಗದ ಕ್ರಮಸಂಖ್ಯೆಯನ್ನು ಹೇಳುತ್ತದೆ. ಮಾಯಾಮಾಳವಗೌಳ 5, 1 ಅಂದರೆ 15. ಖರಹರಪ್ರಿಯ 22. ಹೆಸರಿಗೆ ಸಂಖ್ಯೆ ಹೊಂದಿಸಲೆಂದೇ ಮುಂದೆ ಒಂದು ಪದ ಸೇರಿಸಿರುವುದೂ ಉಂಟು. ಬರಿಯ ಶಂಕರಾಭರಣ ಎಂದರೆ 15 ಬರುತ್ತದೆ, ಧೀರ ಸೇರಿದಾಗ 29. ಬರಿಯ ಕಲ್ಯಾಣಿ 11, ಮೇಚಕಲ್ಯಾಣಿ 65. ತೋಡಿ 36, ಹನುಮತೋಡಿ 8. ವಿದ್ಯಾರ್ಥಿಗಳು ಕಛೇರಿಯಲ್ಲಿ ಕೇಳಿದ ಚಿಕ್ಕ ಹೆಸರನ್ನೇ ಪಟ್ಟಿಗೆ ಹಾಕಿ ಪ್ರೋಗ್ರಾಂ ಕೆಟ್ಟಿದೆ ಎನ್ನುತ್ತಾರೆ. ಪೂರ್ಣ ಹೆಸರನ್ನೇ ಕೊಡಿ.

ಕನಕಾಂಗಿ, ರತ್ನಾಂಗಿ ಎಂದು ಆರಂಭವಾಗುವ ಪಟ್ಟಿಯ ಎಲ್ಲ 72 ಹೆಸರುಗಳನ್ನೂ ಮೇಲಿನ ನಿಯಮಕ್ಕೆ ಒಡ್ಡಿದರೆ 64 ಹೊಂದುತ್ತವೆ, ಎಂಟು ಹೊಂದುವುದಿಲ್ಲ. ಆ ಎಂಟು ಇವು, ಮೊದಲು ನಿಯಮ ಕೊಡುವ ಉತ್ತರ, ಆಮೇಲೆ ನಿಜವಾದ ಕ್ರಮಸಂಖ್ಯೆ:

ಚಕ್ರವಾಕ: 26, ಆದರೆ 16
ದಿವ್ಯಮಣಿ: 18, ಆದರೆ 48
ವಿಶ್ವಂಭರಿ: 44, ಆದರೆ 54
ಶ್ಯಾಮಲಾಂಗಿ: 51, ಆದರೆ 55
ಸಿಂಹೇಂದ್ರಮಧ್ಯಮ: 87, ಆದರೆ 57
ಋಷಭಪ್ರಿಯ: 60, ಆದರೆ 62
ಚಿತ್ರಾಂಬರಿ: 26, ಆದರೆ 66
ಜ್ಯೋತಿಸ್ವರೂಪಿಣಿ: 61, ಆದರೆ 68

ಇವುಗಳಲ್ಲಿ ಆರು ಹೆಸರುಗಳು ಒತ್ತಕ್ಷರದ ಮೊದಲ ವ್ಯಂಜನವನ್ನು ಎಣಿಸುತ್ತವೆ. ಸಿಂಹೇಂದ್ರಮಧ್ಯಮದಲ್ಲಿ ಅನುಸ್ವಾರವನ್ನೇ ಮ ಕಾರವೆಂದು ಹಿಡಿದು 5 ತೆಗೆದುಕೊಂಡಿದ್ದಾರೆ. ಋಷಭಪ್ರಿಯದಲ್ಲಿ ಋ ಸ್ವರವಾಗಿ ಸೊನ್ನೆಯಾಗದೆ ರಿ ಎಂಬ ಉಚ್ಚಾರಣೆಯಂತೆ 2 ಆಗಿದೆ. ರಿಷಭಪ್ರಿಯ ಎಂದು ಬರೆದರೆ ಆ ಒಂದು ತೊಂದರೆ ತಾನಾಗಿ ಹೋಗುತ್ತದೆ.

ಇಲ್ಲಿ ಎಲ್ಲರಿಗೂ ಒಂದೇ ಯೋಚನೆ ಬರುತ್ತದೆ: ನಿಯಮವನ್ನೇ ಬದಲಿಸಿ ಒತ್ತಿನ ಮೊದಲ ವ್ಯಂಜನವನ್ನು ಎಣಿಸೋಣ. ದಯವಿಟ್ಟು ಬೇಡ. ಹಾಗೆ ಮಾಡಿದರೆ ರತ್ನಾಂಗಿ 2ರಿಂದ 62ಕ್ಕೆ, ಸೂರ್ಯಕಾಂತ 17ರಿಂದ 27ಕ್ಕೆ, ಷಡ್ವಿಧಮಾರ್ಗಿಣಿ 46ರಿಂದ 36ಕ್ಕೆ ಹೋಗುತ್ತವೆ. ಧರ್ಮವತಿ 59ನ್ನು ಬಿಟ್ಟು 29ಕ್ಕೆ ಬಂದು ಶಂಕರಾಭರಣದ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಮೊದಲ ವ್ಯಂಜನವೂ ಅಲ್ಲ, ಕೊನೆಯದೂ ಅಲ್ಲ, 72ಕ್ಕೂ ಒಪ್ಪುವ ಒಂದೇ ನಿಯಮ ಇಲ್ಲ. ಹೆಸರಿಟ್ಟವರು ಸಂಖ್ಯೆಗೆ ಹೊಂದುವ ಸುಂದರವಾದ ಪದವನ್ನು ಹುಡುಕಿದ್ದಾರೆ, ಅಗತ್ಯ ಬಿದ್ದಲ್ಲಿ ನಿಯಮವನ್ನು ಸಡಿಲಿಸಿದ್ದಾರೆ. ಅದನ್ನು ಹಾಗೆಯೇ ಗೌರವಿಸಬೇಕು. ನಿಯಮವನ್ನು ಶುದ್ಧವಾಗಿಡಿ, ಎಂಟು ಹೆಸರುಗಳನ್ನು ಪ್ರತ್ಯೇಕ ಪಟ್ಟಿಯಲ್ಲಿಡಿ. ಪ್ರೋಗ್ರಾಂ ಮೊದಲು ಆ ಪಟ್ಟಿಯನ್ನು ನೋಡಲಿ, ಅಲ್ಲಿಂದ ಉತ್ತರ ಕೊಟ್ಟಾಗ 'ಇದು ಅಪವಾದ' ಎಂದು ಬಳಸುವವರಿಗೆ ಹೇಳಲಿ. ಅಪವಾದವನ್ನು ಕೋಡಿನೊಳಗೆ ಹೂತಿಟ್ಟರೆ ಆರು ತಿಂಗಳ ಮೇಲೆ ನಿಮಗೇ ಅದರ ನೆನಪಿರುವುದಿಲ್ಲ.

ಇನ್ನೊಂದು ಹೆಸರು ಅಪವಾದದಂತೆ ಕಾಣುತ್ತದೆ, ಆದರೆ ಅಲ್ಲ. 20ನೆಯ ಮೇಳವನ್ನು ನಾವು ಸಾಮಾನ್ಯವಾಗಿ ನಟಭೈರವಿ ಎಂದು ಬರೆಯುತ್ತೇವೆ, ಅದರಿಂದ 10 ಬರುತ್ತದೆ. ಅದು ನಠಭೈರವಿ, ಮಹಾಪ್ರಾಣ ಠ. 10 ಎಂಬುದು ನಾಟಕಪ್ರಿಯದ ಸ್ಥಾನ. ಮಹಾಪ್ರಾಣ ತಪ್ಪಿದರೆ ಸಂಖ್ಯೆಯೇ ತಪ್ಪುತ್ತದೆ, ಆದ್ದರಿಂದ 72 ಹೆಸರುಗಳನ್ನು ಅಂತರಜಾಲದಿಂದ ನಕಲಿಸುವ ಬದಲು ನಿಮ್ಮ ಗುರುಗಳ ಕೈಯಲ್ಲಿ ಒಮ್ಮೆ ಓದಿಸಿ.

ಸಂಖ್ಯೆ ಸಿಕ್ಕ ಮೇಲೆ ಚಕ್ರವನ್ನು, ಅಂದರೆ ಆ ರಾಗ ಸೇರಿರುವ ಆರು ಮೇಳಗಳ ಗುಂಪನ್ನು, ಕಂಡುಹಿಡಿಯುವುದು ಎರಡು ಸಾಲಿನ ಕೆಲಸ. ಒಂದು ಕಳೆಯಿರಿ, ಆರರಿಂದ ಭಾಗಿಸಿ, ಭಾಗಲಬ್ಧಕ್ಕೂ ಶೇಷಕ್ಕೂ ಒಂದೊಂದು ಕೂಡಿಸಿ. 29ಕ್ಕೆ 28, ಭಾಗಲಬ್ಧ 4, ಶೇಷ 4. ಅಂದರೆ ಐದನೆಯದಾದ ಬಾಣ ಚಕ್ರ, ಅದರಲ್ಲಿ ಐದನೆಯ ರಾಗ. ಮೊದಲು ಒಂದು ಕಳೆಯಲು ಮರೆತರೆ ಪ್ರತಿ ಚಕ್ರದ ಆರನೆಯ ರಾಗ ಮುಂದಿನ ಚಕ್ರಕ್ಕೆ ಜಾರುತ್ತದೆ. 36ರವರೆಗೆ ಮ ಸ್ವರದ ತಗ್ಗಿನ ರೂಪವಾದ ಶುದ್ಧ ಮಧ್ಯಮ, 37ರಿಂದ ಅದರ ಏರಿದ ರೂಪವಾದ ಪ್ರತಿ ಮಧ್ಯಮ. 29ಕ್ಕೆ 36 ಕೂಡಿದರೆ 65, ಶಂಕರಾಭರಣದ ಪ್ರತಿ ಮಧ್ಯಮ ಜೋಡಿ ಕಲ್ಯಾಣಿ. ಹಾಡುವವರಿಗೆ ಈ ಸಂಬಂಧ ಕಿವಿಯಲ್ಲೇ ಇರುತ್ತದೆ, ಪ್ರೋಗ್ರಾಮಿನ ಉತ್ತರವನ್ನು ಒರೆಹಚ್ಚಲು ಬಳಸಿಕೊಳ್ಳಿ.

ಹಂತ 7: ಸಂಖ್ಯೆಯಿಂದ ಪದಕ್ಕೆ

ರೋಮನ್ನಿನಲ್ಲಿ ಹಿಂದಿರುಗುವ ದಾರಿಯೂ ಒಂದೇ. 1994ಕ್ಕೆ ಒಂದೇ ಶಿಷ್ಟ ಬರಹ ಇದೆ. ಕಟಪಯಾದಿಯಲ್ಲಿ ಹಾಗಿಲ್ಲ. ಚಿಕ್ಕಬಳ್ಳಾಪುರದ ವಾಹನಗಳ ನೋಂದಣಿ ಫಲಕದಲ್ಲಿ ಬರುವ ಊರಿನ ಸಂಖ್ಯೆ 40ನ್ನು ತೆಗೆದುಕೊಳ್ಳಿ. ಬಿಡಿಸ್ಥಾನ 0, ಹತ್ತರ ಸ್ಥಾನ 4. ನಾವು, ನೀವು, ಅವು, ಇವು ಎಲ್ಲವೂ 40! ಆದ್ದರಿಂದ ಸಂಖ್ಯೆಯಿಂದ ಪದಕ್ಕೆ ಹೋಗಿ ಮತ್ತೆ ಸಂಖ್ಯೆಗೆ ಬಂದರೆ ಹೊರಟಲ್ಲಿಗೇ ಬರಬೇಕು, ಅದನ್ನು ಪರೀಕ್ಷೆಯಾಗಿ ಇಡಿ. ಪದದಿಂದ ಸಂಖ್ಯೆಗೆ ಹೋಗಿ ಮತ್ತೆ ಅದೇ ಪದಕ್ಕೆ ಬರಬೇಕು ಎಂಬ ಪರೀಕ್ಷೆ ಇಡಬೇಡಿ.

ಅಕ್ಷರಗಳನ್ನು ಜೋಡಿಸಿ ಪದ ಹುಟ್ಟಿಸುವ ದಾರಿಯೂ ಬೇಡ. ತುಮಕೂರಿನ ಪಿನ್‌ಕೋಡ್ 572101ಕ್ಕೆ ಸೊನ್ನೆಯ ಸ್ವರಗಳನ್ನು ಬಿಟ್ಟೇ 1536 ವ್ಯಂಜನ ಜೋಡಣೆಗಳಿವೆ. ಕಾಗುಣಿತ ಸೇರಿದರೆ ಲೆಕ್ಕ ಕೈಮೀರುತ್ತದೆ, ಬಹುತೇಕ ಎಲ್ಲವೂ ಅರ್ಥವಿಲ್ಲದವು. ಬದಲಿಗೆ ಒಂದು ಕನ್ನಡ ಪದಪಟ್ಟಿಯನ್ನು ತೆಗೆದುಕೊಂಡು ಪ್ರತಿ ಪದಕ್ಕೂ ಹಂತ 3ರ ಅಂಕಿಸಾಲನ್ನು ಲೆಕ್ಕ ಹಾಕಿ, ಅಂಕಿಸಾಲಿನ ಅಡಿಯಲ್ಲಿ ಪದಗಳನ್ನು ಗುಂಪು ಮಾಡಿ ಇಟ್ಟುಕೊಳ್ಳಿ. ತಿರುಗಿಸದ ಸಾಲನ್ನೇ ಇಡಿ, ಪೂರ್ಣಾಂಕವನ್ನಲ್ಲ, ಇಲ್ಲದಿದ್ದರೆ ಹಿಂದೆ ಹೇಳಿದ ಗುಬ್ಬಿ ಮತ್ತು ಗಗನ ಇಲ್ಲಿ ಕಲಸಿಹೋಗುತ್ತವೆ.

ಉದ್ದದ ಸಂಖ್ಯೆಗೆ ಒಂದೇ ಪದ ಸಿಗುವುದು ಅಪರೂಪ, ತುಂಡು ಮಾಡಬೇಕು. ಸಂಖ್ಯೆಯನ್ನು ತಿರುಗಿಸಿ. 572101 ತಿರುಗಿದರೆ 101275. ಮೊದಲ ಒಂದು ಅಂಕಿಗೆ, ಎರಡಕ್ಕೆ, ಮೂರಕ್ಕೆ, ಹೀಗೆ ಹೊಂದುವ ಪದಗಳನ್ನು ಗುಂಪಿನಿಂದ ತೆಗೆಯಿರಿ. ಉಳಿದ ಅಂಕಿಗಳಿಗೆ ಅದನ್ನೇ ಮತ್ತೆ ಮಾಡಿ. ಒಮ್ಮೆ ಬಿಡಿಸಿದ ಉಳಿಕೆಯ ಉತ್ತರವನ್ನು ನೆನಪಿಟ್ಟುಕೊಂಡರೆ ಅದೇ ಕೆಲಸ ಮರುಕಳಿಸುವುದಿಲ್ಲ. ವಿಭಕ್ತಿ ಸೇರಿದ ರೂಪಗಳೂ ಪದಪಟ್ಟಿಯಲ್ಲಿ ಇರಲಿ, ಕನ್ನಡದಲ್ಲಿ ಪದ ಪದಕ್ಕೆ ಅಂಟಿಕೊಳ್ಳುವುದು ಅವುಗಳಿಂದಲೇ. ಬಂದ ಸಾಲುಗಳನ್ನೆಲ್ಲ ತೋರಿಸಿ, ಆಯ್ಕೆಯನ್ನು ಮನುಷ್ಯರಿಗೆ ಬಿಡಿ.

ಹೀಗೆ ಹುಡುಕಿದಾಗ ತುಮಕೂರಿನ 572101ಕ್ಕೆ ಸಿಗುವ ಸಾಲುಗಳಲ್ಲಿ ಒಂದು 'ಕನಕರ ಸೀಮೆ'. ಚಿಕ್ಕಬಳ್ಳಾಪುರದ 562101ಕ್ಕೆ 'ಕನಕರ ತಾಣ'. ಕೋಲಾರದ 563101ಕ್ಕೆ, ಕ್ಷ ದಲ್ಲಿ ಷ ಕಾರವನ್ನು ಎಣಿಸಲು ಮರೆಯಬೇಡಿ, 'ಕನಕ ಲಕ್ಷಣ'.